ಮಾರುತಿ ಊಟಕ್ಕೆ ಕೂತಾಗ ಎಡಕ್ಕೆ ತಿರುಗಿದ್ದು

ನಮ್ಮ ಬೆಟಗೇರಿಯಲ್ಲಿ ಐಸ್ ಅಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟ ಗಡ್ಡೆ. ಅದರ ಮೇಲೆ ಮನುಷ್ಯರು ನಿಲ್ಲುತ್ತಾರೆ, ಸಾಲದ್ದಕ್ಕೆ ರೇಸ್ ಕೂಡ ಹಚ್ಚುತ್ತಾರೆ ಎನ್ನುವುದನ್ನು ನಾನು ಫೋನಿನಲ್ಲಿ ಮೊದಲ ಸಲ ನೋಡಿದಾಗ ಪಿಯುಸಿಯಲ್ಲಿದ್ದೆ. ನನಗೆ ಬೆರಗಾದದ್ದು ಅವರ ವೇಗಕ್ಕಲ್ಲ. ತಿರುವಿನಲ್ಲಿ ಕೈ ನೆಲಕ್ಕೆ ತಾಗುವಷ್ಟು ವಾಲಿದರೂ ಅವರು ಬೀಳುತ್ತಿರಲಿಲ್ಲ. ನಾನು ಸೈಕಲ್ ಮೇಲೆ ಅದರ ಅರ್ಧ ವಾಲಿದರೆ ಮೊಣಕಾಲು ಕೆತ್ತಿಹೋಗುತ್ತಿತ್ತು. ಇವರಿಗೆ ಯಾಕೆ ಏನೂ ಆಗುವುದಿಲ್ಲ? ಈ 'ಯಾಕೆ' ನನ್ನ ಹುಟ್ಟುಗುಣ. "ಈಕಿ ಹುಟ್ಟಿದ ಕೂಡ್ಲೆ ಅತ್ತಿಲ್ಲ, ನನ್ನ ಯಾಕ ಹಡದಿ ಅಂತ ಕೇಳ್ಯಾಳ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಉತ್ತರ ಸಿಗದಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅದೂ ಹುಟ್ಟುಗುಣವೇ.

ಹುಬ್ಬಳ್ಳಿಯ ಚಿಕ್ಕಮ್ಮನ ಮಗಳಿಗೆ ಬಿಗಿಯಾದ ಚಕ್ರದ ಬೂಟುಗಳು ನನಗೆ ಬಂದವು. ಒಂದೇ ಸಾಲಿನಲ್ಲಿ ನಾಲ್ಕು ಚಕ್ರ, ಐಸಿನ ಬೂಟಿನ ಹತ್ತಿರದ ನೆಂಟ. ಬೂಟೇನೋ ಬಂದವು, ಉರುಳಲಿಕ್ಕೆ ನೆಲ ಬೇಕಲ್ಲ. ಓಣಿಯ ರಸ್ತೆಯನ್ನು ನೀರಿನ ಪೈಪಿಗೆಂದು ಅಗೆದು ಹಾಗೇ ಬಿಟ್ಟಿದ್ದರು. ಕಾಲೇಜಿನ ಮೈದಾನ ಬರೀ ಮಣ್ಣು. ನನಗೆ ಗೊತ್ತಿದ್ದ ನುಣುಪು ನೆಲ ಒಂದೇ, ನಮ್ಮ ಮನೆಯ ಹಿಂದಿನ ಹಳೆಯ ಹತ್ತಿ ಜಿನ್ನಿನ ಅಂಗಳ. ಹತ್ತಿಯ ಬೀಜ ಬಿಡಿಸುವ ಆ ಕಾರ್ಖಾನೆ ನಿಂತು ಬಹಳ ವರ್ಷಗಳಾಗಿದ್ದವು. ಸುಗ್ಗಿಯಲ್ಲಿ ಹೊಂಬಳದ ಕಡೆಯ ಟ್ರ್ಯಾಕ್ಟರುಗಳು ಶೇಂಗಾ ತಂದು ಒಣಹಾಕುತ್ತಿದ್ದವು, ಉಳಿದ ದಿನ ಅದು ಖಾಲಿ. ತಿಕ್ಕಿ ತಿಕ್ಕಿ ಸವೆದ ಸಿಮೆಂಟು, ಬರಿಗಾಲಿನಲ್ಲಿ ನಡೆದರೆ ತಂಪು. ಅಂಗಳದ ನಟ್ಟನಡುವೆ ಒಂದು ಸಣ್ಣ ಗುಡಿ, ಒಳಗೆ ಮಾರುತಿ. ಆ ಮಾರುತಿಯ ಪೂಜೆ ನಮ್ಮ ಮನೆತನದ್ದು. ಅಪ್ಪ ಮುಂಜಾನೆ ಪೂಜೆ ಮುಗಿಸಿ ಸೊಸಾಯಿಟಿಯ ಗುಮಾಸ್ತಿಕೆಗೆ ಹೋಗುತ್ತಿದ್ದ, ಸಂಜೆ ಬಂದು ದೀಪ ಹಚ್ಚಿ ನೈವೇದ್ಯ ಮಾಡುತ್ತಿದ್ದ.

ಅಂಗಳದಲ್ಲಿ ಆಡಲಿಕ್ಕೆ ಕೇಳಿದಾಗ ಅಪ್ಪ ಬೂಟನ್ನು ಕೈಯಲ್ಲಿ ಹಿಡಿದು ಚಕ್ರವನ್ನು ಬೆರಳಿಂದ ತಿರುಗಿಸಿ ನೋಡಿದ. ಅದು ನಿಂತ ಮೇಲೆ ಹೇಳಿದ.

"ಗುಡಿ ಸುತ್ತ ಸುಣ್ಣದ ಗೆರಿ ಹಾಕತೀನಿ. ಅದರೊಳಗ ಈ ಬೂಟು ಬರಬಾರದು. ಮತ್ತ ತಿರುಗೂದಾದ್ರ ಬಲಕ್ಕ ತಿರುಗು. ದೇವರು ನಿನ್ನ ಬಲಗೈ ಕಡೆ ಇರಬೇಕು."

"ನಾ ಪ್ರದಕ್ಷಿಣಿ ಹಾಕಾಕತ್ತಿಲ್ಲಪ್ಪಾ, ಆಟ ಆಡಾಕತ್ತೀನಿ."

"ನೀ ಏನರೆ ಆಡು. ಆತ ಏನು ತಿಳಕೋತಾನ ಅನ್ನೂದು ನೋಡಬೇಕಲ್ಲ. ಎಡಕ್ಕ ಸುತ್ತೂದು ಸತ್ತಾಗ ಅಷ್ಟ."

ವಾದ ಮಾಡಬಹುದಿತ್ತು. ಆದರೆ ನೆಲ ಸಿಕ್ಕಿದ್ದೇ ಹೆಚ್ಚು ಎಂದು ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಬಲಗಡೆಯ ಬದುಕು.

ಫೋನಿನ ವಿಡಿಯೋಗಳೇ ನನ್ನ ಗುರುಗಳು. ಅವುಗಳಲ್ಲಿ ಎಲ್ಲರೂ ಎಡಕ್ಕೇ ತಿರುಗುತ್ತಿದ್ದರು. ಒಬ್ಬರಾದರೂ ಬಲಕ್ಕೆ ತಿರುಗಬೇಡವೇ? ನಾನು ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಸೆಲ್ಫಿ ತೆಗೆದಾಗ ಅಂಗಿಯ ಮೇಲಿನ ಅಕ್ಷರಗಳು ಉಲ್ಟಾ ಬೀಳುತ್ತವಲ್ಲ, ಹಾಗೆ ಈ ವಿಡಿಯೋಗಳೂ ಉಲ್ಟಾ ಕಾಣುತ್ತಿವೆ, ಖರೆ ಹೇಳಬೇಕೆಂದರೆ ಅವರೂ ನನ್ನಂತೆ ಬಲಕ್ಕೇ ಹೋಗುತ್ತಿದ್ದಾರೆ. ಹೀಗೆಂದು ನನಗೆ ನಾನೇ ಶಾಭಾಸ್ ಹೇಳಿಕೊಂಡು, ಅವರ ಎಡಗಾಲಿನ ಕೆಲಸವನ್ನೆಲ್ಲ ನನ್ನ ಬಲಗಾಲಿಗೆ ಕಲಿಸಿದೆ. ಇದು ಒಂದೆರಡು ದಿನದ ಬೆಪ್ಪುತನವಲ್ಲ, ವರ್ಷಗಟ್ಟಲೆ ನಡೆಯಿತು.

ಆದರೂ ಆ ದಿನಗಳಲ್ಲಿ ಕಲಿತದ್ದು ಸುಳ್ಳಲ್ಲ. ವಾಲಿದವರು ಯಾಕೆ ಬೀಳುವುದಿಲ್ಲ ಎನ್ನುವುದಕ್ಕೆ ಉತ್ತರ ನನ್ನ ಕಾಲಿಗೇ ಸಿಕ್ಕಿತು. ಬೂಟಿಗೆ ಎರಡು ಅಂಚುಗಳಿವೆ, ಒಂದು ಒಳಗಿನದು, ಇನ್ನೊಂದು ಹೊರಗಿನದು. ಒಳಗಿನ ಅಂಚಿನ ಮೇಲೆ ನಿಲ್ಲುವುದು ಸುಲಭ, ಕಾಲು ತಾನಾಗಿ ಒಳಕ್ಕೆ ಕುಸಿಯುತ್ತದೆ. ಹೊರಗಿನ ಅಂಚಿಗೆ ಧೈರ್ಯ ಬೇಕು. ಕಿರುಬೆರಳಿನ ಕಡೆಗೆ ಮೈಭಾರವೆಲ್ಲ ಹಾಕಿ, ಏನೂ ಇಲ್ಲದ ಕಡೆಗೆ ಒರಗಬೇಕು. ಒರಗಿದರೆ ಬಿದ್ದೇ ಬೀಳುತ್ತೇನೆ ಎಂದು ಮೈಯೆಲ್ಲ ಕೂಗುತ್ತಿರುತ್ತದೆ. ಅರೆಮನಸ್ಸಿನಿಂದ ಒರಗಿದರೆ ಬೀಳುವುದು ಖರೇನೇ. ಪೂರ್ತಿ ಒರಗಿದರೆ ಬೂಟು ತಿರುಗಿ ಬಂದು ಕೆಳಗೆ ನಿಲ್ಲುತ್ತದೆ. ಅದು ಮೊದಲ ಸಲ ಆದ ದಿನ ಬಲಗಾಲೊಂದರ ಮೇಲೆ ಗುಡಿಯ ಅರ್ಧ ಸುತ್ತು ಬಂದೆ. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಡಿಗ್ರಿಯ ಕೊನೆಯ ವರ್ಷ, ಗದಗಿನಲ್ಲಿ ರವಿವಾರ ಸಣ್ಣ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಒಬ್ಬ ಸರ್ ಇದ್ದಾರೆ ಎಂಬ ಖಬರ ಸಿಕ್ಕಿತು. ಹೋದೆ. ಮಕ್ಕಳೆಲ್ಲ ಸುತ್ತು ಹೊಡೆಯುತ್ತಿದ್ದರು. ನಾನೂ ನನ್ನ ಪಾಡಿಗೆ ಶುರು ಮಾಡಿದೆ. ಎದುರಿಗೆ ಒಂದು ಹಿಂಡು ನುಗ್ಗಿ ಬಂತು. ನಾನು ಗೋಡೆಗೆ ಅಪ್ಪಳಿಸಿ ಕೂತೆ.

"ಏ ತಂಗಿ, ಒನ್ ವೇ ಒಳಗ ಎದುರಿಂದ ಬರ್ತೀಯಲ್ಲ" ಎಂದರು ಸರ್. ಆಮೇಲೆ ಮಕ್ಕಳನ್ನು ಕೂರಿಸಿ ನನ್ನೊಬ್ಬಳನ್ನೇ ಓಡಿಸಿದರು. "ಬಲಕ್ಕ ಇಷ್ಟು ಛಲೋ ತಿರುಗತಿ, ಎಡಕ್ಕ ಯಾಕ ಕುಂಟತಿ?"

ಮಾರುತಿಯ ಕಥೆ ಹೇಳಿದೆ. ಸೆಲ್ಫಿಯ ಕಥೆಯನ್ನೂ ಹೇಳಿದೆ. ಸರ್ ನಗುತ್ತಾ ಕಟ್ಟೆಯ ಮೇಲೆ ಕೂತುಬಿಟ್ಟರು. ನನಗೆ ಮೈ ಉರಿಯಿತು. ನಕ್ಕು ಮುಗಿದ ಮೇಲೆ ಅವರು ಹೇಳಿದ ಮಾತಿಗೆ ಉರಿ ಇಳಿಯಿತು. ಚಳಿಗಾಲ ಮುಗಿಯುವುದರೊಳಗೆ ಮಹಾರಾಷ್ಟ್ರದ ಕಡೆಯ ಒಂದು ದೊಡ್ಡ ಊರಿನಲ್ಲಿ ಐಸ್ ಸ್ಕೇಟಿಂಗ್ ರೇಸಿನ ತಂಡಕ್ಕೆ ಆಯ್ಕೆ ಇದೆ, ಚಕ್ರದ ಮೇಲೆ ಕಲಿತವರನ್ನೂ ನೋಡುತ್ತಾರೆ. "ಬಲಗಾಲು ನೋಡಿದ್ರ ನಿನ್ನ ಕಳಸಬೇಕು ಅನಸತೈತಿ. ಆದ್ರ ಐಸ್ ಮ್ಯಾಲಿನ ರೇಸು ಎಡಕ್ಕ. ಎಡಗಾಲಿಗೆ ಹೊರಗಿನ ಅಂಚೇ ಇಲ್ಲ ನಿನಗ."

ಮನೆಗೆ ಬಂದು ಅಪ್ಪನ ಮುಂದೆ ಕೂತೆ. ಅವನು ನನ್ನನ್ನು ಬಿ.ಎಡ್.ಗೆ ಸೇರಿಸಬೇಕೆಂದಿದ್ದ, ಅದು ಮನೆಯಲ್ಲಿ ಎಂದೋ ನಿಕ್ಕಿಯಾದ ಮಾತು. ಎಲ್ಲ ಕೇಳಿಸಿಕೊಂಡು, "ಆತು, ಒಂದು ಸಲ ಹೋಗಿ ನೋಡೂಣು. ಆರಿಸಿದ್ರ ಆರಿಸಿದ್ರು. ಇಲ್ಲಂದ್ರ ಬಿ.ಎಡ್., ಮತ್ತ ಬೂಟಿನ ಮಾತು ಎತ್ತಬಾರದು" ಎಂದ. ಒಪ್ಪಿದೆ. ಒಂದೇ ಸಲ, ಅದೂ ಬಾರದ ಕಾಲಿನಿಂದ.

ಸರ್ ಅವರ ಜಾಗ ಇಕ್ಕಟ್ಟು, ಅದೂ ರವಿವಾರ ಮಾತ್ರ. ಜಿನ್ನಿನ ಅಂಗಳದಲ್ಲಿ ಎಡಕ್ಕೆ ಹೇಗೆ ತಿರುಗಲಿ? ಒಂದು ಮೂಲೆಯಲ್ಲಿ ಯಾರದೋ ಟ್ರ್ಯಾಕ್ಟರಿನ ಟ್ರೇಲರ್ ನಿಂತಿತ್ತು. ಅದರ ಸುತ್ತ ಎಡಕ್ಕೆ ಸುತ್ತಿದರೆ ಮಾರುತಿಗೇನೂ ಸಂಬಂಧವಿಲ್ಲ ಎಂದು ಅಪ್ಪನನ್ನು ಒಪ್ಪಿಸಿದೆ. ಎಡಗಾಲು ಮಾತ್ರ ಒಪ್ಪಲಿಲ್ಲ. ಬಲಗಾಲಿಗೆ ಗೊತ್ತಿದ್ದದ್ದು ಎಡಗಾಲಿಗೆ ಯಾಕೆ ಗೊತ್ತಿಲ್ಲ? ಎರಡೂ ಒಂದೇ ಮೈಗೆ ಅಂಟಿಕೊಂಡಿವೆ, ಒಂದೇ ತಲೆಯ ಮಾತು ಕೇಳುತ್ತವೆ. ನನಗೆ ಇದು ಇವತ್ತಿಗೂ ಸೋಜಿಗ. ಹೊರಗಿನ ಅಂಚಿಗೆ ಹೋಗು ಎಂದರೆ ಎಡ ಹಿಮ್ಮಡಿ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಶೇಂಗಾದ ಒಂದು ಸಿಪ್ಪೆ ಚಕ್ರಕ್ಕೆ ಸಿಕ್ಕರೂ ಸಾಕು, ಮುಗ್ಗರಿಸುತ್ತಿದ್ದೆ. ಟ್ರೇಲರಿನ ತಗಡಿಗೆ ನನ್ನ ಭುಜ ಬಡಿದು ಬಡಿದು ಢಣ್ ಎನ್ನುತ್ತಿದ್ದರೆ ಓಣಿಗೆಲ್ಲ ಕೇಳುತ್ತಿತ್ತು.

ಅದನ್ನು ದಿನವೂ ಕೇಳುತ್ತಿದ್ದವರು ಅಂಗಳಕ್ಕೆ ಹೊಂದಿಕೊಂಡ ಮನೆಯ ಖಾಲಾ. ಅವರು ಅಂಗಳದ ಗೋಡೆಯ ಪಕ್ಕ ಬಿಸಿಲಿಗೆ ಕೂತು ಹಳೆಯ ಬಟ್ಟೆಗಳ ಕೌದಿ ಹೊಲೆಯುತ್ತಿದ್ದರು. ಅಪ್ಪನಿಗಿಂತ ಹಿರಿಯರು, ಮಗನ ಜೊತೆ ಹಜ್‌ಗೆ ಹೋಗಿ ಬಂದವರು.

"ಬೇಟಿ, ಅಷ್ಟು ದೊಡ್ಡ ಅಂಗಳ ಬಿಟ್ಟು ಆ ತಗಡಿನ ಡಬ್ಬಿಗೆ ಯಾಕ ಹಾಯತಿ?" ಎಂದು ಒಂದು ದಿನ ಕೇಳಿದರು.

"ಎಡಕ್ಕ ತಿರುಗಬೇಕ್ರಿ ಖಾಲಾ. ದೇವರ ಸುತ್ತ ಎಡಕ್ಕ ತಿರುಗಬಾರದು."

ಖಾಲಾ ಸೂಜಿ ನಿಲ್ಲಿಸಿದರು. "ನಾವು ಕಾಬಾದ ಸುತ್ತ ಎಡಕ್ಕ ತಿರುಗೂದು. ಕಾಬಾ ಎಡಗೈ ಬಾಜೂ ಇರಬೇಕು. ಬಲಕ್ಕ ತಿರುಗಿದ್ರ ನಡೆಯೂದಿಲ್ಲ."

ಸಂಜೆ ಅಪ್ಪ ಬಂದ ಕೂಡಲೆ ಇದನ್ನೇ ಹೇಳಿದೆ. ನನ್ನ 'ಯಾಕೆ' ಎಲ್ಲಿಂದ ಬಂದದ್ದು ಎನ್ನುವುದು ಅವತ್ತು ತಿಳಿಯಿತು. ಅಪ್ಪ ಹೂವಿನ ಬುಟ್ಟಿ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋದ.

"ಹೌದೇನ್ರಿ ಅಕ್ಕಾರ? ಎಡಕ್ಕನ? ಎಲ್ಲಾರೂ?"

"ಎಲ್ಲಾರೂ. ಏಳು ಸುತ್ತು."

"ಅಷ್ಟು ಗದ್ಲದಾಗ ಯಾರರೆ ತಪ್ಪಿ ಬಲಕ್ಕ ತಿರುಗಿದ್ರ?"

"ತಿರುಗಾಕ ಬಿಡಬೇಕಲ್ಲ ಜನ. ಹೊಳಿ ಹರದಂಗ ಹರಿತಾರ" ಎಂದು ಖಾಲಾ ನಕ್ಕರು.

ಅಪ್ಪ ಅವತ್ತು ಮಂತ್ರದ ನಡುವೆ ಒಂದೆರಡು ಸಲ ಸಾಲು ತಪ್ಪಿದ. ಊಟಕ್ಕೆ ಕೂತಾಗ, "ದೇವರಿಗೆ ಎಡ ಬ್ಯಾಡಂತಲ್ಲ ಹಂಗಾರ. ನಮ್ಮಾತಗ ಬ್ಯಾಡ, ಅಷ್ಟ" ಎಂದ. ಅವ್ವ, "ಅಪ್ಪ ಮಗಳು ಕೂಡಿ ನನ್ನ ತಲಿ ತಿನ್ನಾಕತ್ತೀರಿ, ರೊಟ್ಟಿ ತಿನ್ರಿ" ಎಂದಳು.

ಟ್ರೇಲರಿನ ಸುತ್ತ ಬೀಳುತ್ತಾ ಏಳುತ್ತಾ ಎಡಗಾಲಿಗೂ ಅಂಚು ಬಂತು. ಮೊದಲು ಒಂದು ಗೇಣು, ಆಮೇಲೆ ಒಂದು ಮಾರು, ಕೊನೆಗೆ ಟ್ರೇಲರಿನ ಪೂರ್ತಿ ಸುತ್ತು. ರವಿವಾರ ಸರ್ ನೋಡಿ ತಲೆ ಆಡಿಸಿದರು, ಆದರೆ ಮೆಚ್ಚಿ ಅಲ್ಲ. "ಅಂಚು ಬಂತು, ಜೋರು ಬರಲಿಲ್ಲ." ನಾನು ಹಿಂದಕ್ಕೆ ಒದ್ದು ಓಡುತ್ತಿದ್ದೆ. ಒದೆತದಲ್ಲಿ ಸದ್ದು ಬರುತ್ತದೆ, ವೇಗ ಬರುವುದಿಲ್ಲ. ಮೊಣಕಾಲು ಮಡಚಿ, ಅಂಚಿನಿಂದ ನೆಲವನ್ನು ಬದಿಗೆ ಒತ್ತಬೇಕು. ಎಡಕ್ಕೆ ತಿರುಗುವಾಗ ಬಲಗಾಲು ಒತ್ತಿ, ಎಡಗಾಲಿನ ಮುಂದೆ ದಾಟಿ ಬರುತ್ತದೆ. ಅದು ಎಲ್ಲರಿಗೂ ಕಾಣುತ್ತದೆ. ಕಾಣದ ಕೆಲಸ ಎಡಗಾಲಿನದು. ಅದು ಮೈಯ ಕೆಳಗೇ ಬಲಕ್ಕೆ ಸರಿಯುತ್ತಾ, ಹೊರಗಿನ ಅಂಚಿನಿಂದ ಕೊನೆಯ ತನಕ ತಳ್ಳುತ್ತಿರಬೇಕು. ಅರ್ಧ ಶಕ್ತಿ ಅಲ್ಲಿದೆ. ಅದು ಬರಬೇಕಾದರೆ ವೇಗದಲ್ಲಿ ದೊಡ್ಡ ಸುತ್ತು ಹೊಡೆಯಬೇಕು. ದೊಡ್ಡ ಸುತ್ತು ಅಂದರೆ ಗುಡಿಯ ಸುತ್ತ.

ಇದನ್ನು ನಾನು ಅಪ್ಪನಿಗೆ ಕೇಳಲಿಕ್ಕೆ ಹೋಗಲಿಲ್ಲ, ಹೇಳಿದೆ ಅಷ್ಟೇ. ಆಯ್ಕೆ ಹತ್ತಿರ ಬಂದಿತ್ತು.

ಎರಡು ದಿನ ಕಳೆದ ಮೇಲೆ ಸಂಜೆ ನಾನು ಬೂಟು ಕಟ್ಟುತ್ತಿದ್ದಾಗ ಅಪ್ಪ ಗುಡಿಯೊಳಗೆ ಎಡೆ ಇಟ್ಟು ಪರದೆ ಎಳೆದ. ನೈವೇದ್ಯದ ಹೊತ್ತಿಗೆ ಪರದೆ ಎಳೆಯುವುದು ಎಂದಿನದೇ, ದೇವರು ಉಣ್ಣುವಾಗ ಯಾರೂ ನೋಡಬಾರದು. ಆದರೆ ಅವತ್ತು ಅಪ್ಪ ಹೊರಗೆ ಬಂದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಆತ ಊಟಕ್ಕ ಕುಂತಾನ. ಈಗ ಯಾರನ್ನೂ ನೋಡೂದಿಲ್ಲ. ಜಲ್ದಿ ಎಡಕ್ಕ ತಿರುಗು."

ನಾನು ಅವನ ಮುಖ ನೋಡಿದೆ. ಅವನು ನೋಡಲಿಲ್ಲ, ಆಕಾಶ ನೋಡುತ್ತಾ ಸ್ತೋತ್ರ ಶುರು ಮಾಡಿದ. ಸುಣ್ಣದ ಗೆರೆಯ ಆಚೆ ಮೊದಲ ಸಲ ಗುಡಿಯನ್ನು ಎಡಕ್ಕಿಟ್ಟುಕೊಂಡು ಹೊರಟೆ. ಪರಿಚಯದ ಅಂಗಳವೇ ಬೇರೆ ಊರಿನಂತೆ ಕಂಡಿತು. ಬೇವಿನ ಗಿಡ ಬರಬೇಕಾದಲ್ಲಿ ಖಾಲಾನ ಗೋಡೆ ಬಂತು. ಎಡಗಾಲನ್ನು ಮೈ ಕೆಳಗೆ ಒತ್ತಿ ಬಿಟ್ಟಾಗ ನೆಲ ಹಿಂದಕ್ಕೆ ಸರಿದ ಹಾಗಾಯಿತು. ಇದೇನಾ ಅದು ಎನ್ನುವಷ್ಟರಲ್ಲಿ ಸ್ತೋತ್ರ ಮುಗಿಯಿತು, ಪರದೆ ಸರಿಯಿತು, ನಾನು ನಿಂತೆ.

ಅದೇ ದಿನಚರಿಯಾಯಿತು. ಸ್ತೋತ್ರವನ್ನು ಗಡಗಡ ಹೇಳಿ ಮುಗಿಸುವುದರಲ್ಲಿ ಅಪ್ಪ ಹೆಸರಾದವನು. ಈಗ ಒಂದೊಂದು ಸಾಲನ್ನೂ ರಾಗ ಎಳೆದು ಎಳೆದು ಹೇಳುತ್ತಿದ್ದ. ಶನಿವಾರ ಭಕ್ತರು ತುಂಬಿರುತ್ತಿದ್ದರು, ಅವತ್ತು ನನಗೆ ರಜೆ. ಉಳಿದ ದಿನ ಬಂದ ಒಬ್ಬಿಬ್ಬರು ಹಣ್ಣುಕಾಯಿ ಹಿಡಿದು ಕಾಯಬೇಕಾಗುತ್ತಿತ್ತು. "ಇವತ್ತ ಮಾರುತಿ ಭಾಳ ಉಣ್ಣಾಕತ್ತಾನಲ್ರಿ" ಎಂದು ಒಬ್ಬರು ಕೇಳಿಯೇಬಿಟ್ಟರು. "ಹಸದಾನ್ರಿ" ಎಂದ ಅಪ್ಪ, ಮುಖದಲ್ಲಿ ನಗುವಿಲ್ಲದೆ. ಗೋಡೆಯ ಕಡೆಯಿಂದ ಖಾಲಾನ ನಗು ಕೇಳಿತು. ಎಷ್ಟು ರಾಗ ಎಳೆದರೂ ಸ್ತೋತ್ರ ಮುಗಿಯಲೇಬೇಕಲ್ಲ. ಬೆವರು ಬರುವಷ್ಟರಲ್ಲಿ ನನ್ನ ಹೊತ್ತು ಮುಗಿಯುತ್ತಿತ್ತು.

ಕಾಕಾನಿಗೆ ಪೂಜೆ ಒಪ್ಪಿಸಿ ಅಪ್ಪ ನನ್ನ ಜೊತೆ ರೈಲು ಹತ್ತಿದ. ಐಸ್ ಇದ್ದದ್ದು ಒಂದು ಮಾಲಿನೊಳಗೆ, ಬಟ್ಟೆ ಅಂಗಡಿಗಳನ್ನೂ ತಿಂಡಿ ಅಂಗಡಿಗಳನ್ನೂ ದಾಟಿದ ಮೇಲೆ. ಆಯ್ಕೆಗೆ ಮೊದಲು ನಮ್ಮಂಥ ಹೊಸಬರಿಗೆ ಅಭ್ಯಾಸಕ್ಕೆಂದು ಕೆಲವು ದಿನ ಕೊಟ್ಟಿದ್ದರು. ಕಲಿಸುವ ಮೇಡಂ ಉತ್ತರದ ಹಿಮದ ಬೆಟ್ಟಗಳ ಸೀಮೆಯವರು, ಹಿಂದಿ ಮಾತಾಡುತ್ತಿದ್ದರು. ಖಾಲಾನ ಮನೆಯ ಉರ್ದು ಕೇಳಿ ಬೆಳೆದವಳಾದ್ದರಿಂದ ನನಗೆ ತೊಂದರೆಯಾಗಲಿಲ್ಲ.

ಅಲ್ಲಿ ಬಾಡಿಗೆಗೆ ಕೊಟ್ಟ ಐಸಿನ ಬೂಟು ಹಾಕಿಕೊಳ್ಳುವ ಮೊದಲು ಅದರ ಅಲಗಿನ ಮೇಲೆ ಉಗುರನ್ನು ಅಡ್ಡ ಎಳೆದು ನೋಡಿದೆ. ಉಗುರಿನಿಂದ ಪುಡಿ ಉದುರಿತು. ಅಲಗಿನ ಉದ್ದಕ್ಕೂ ನಡುವೆ ಸಣ್ಣದೊಂದು ಹಳ್ಳ, ಆಚೆ ಈಚೆ ಎರಡು ಅಂಚು. ವಿಡಿಯೋದಲ್ಲಿ ಎಷ್ಟು ನೋಡಿದ್ದರೂ ಇದು ಕಂಡಿರಲಿಲ್ಲ. ಐಸಿಗೆ ಇಳಿದವಳೇ ಮೂರು ಸಲ ಬಿದ್ದೆ, ಬಿದ್ದಾಗ ಹಾಗೇ ಮಲಗಿ ನೆಲ ನೋಡಿದೆ. ಅಲ್ಲಿ ಎಲ್ಲವೂ ದಾಖಲಾಗುತ್ತದೆ. ಅಂಚಿನ ಮೇಲೆ ಹೋದರೆ ಒಂದೇ ಗೆರೆ, ನೇರ ನಿಂತು ಜಾರಿದರೆ ಪಕ್ಕ ಪಕ್ಕದಲ್ಲಿ ಎರಡು ಗೆರೆ. ಕಟಕಟೆಯ ಆಚೆ ಧೋತರದ ಮೇಲೆ ಸ್ವೆಟರ್ ಹಾಕಿ ನಿಂತಿದ್ದ ಅಪ್ಪನನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, ಬೆರಳಿಂದ ಮುಟ್ಟಿ, "ಇದು ಕರಗೂದಿಲ್ಲೇನ? ಕೆಳಗ ಏನು ಇಟ್ಟಾರ?" ಎಂದು ಕೇಳಿದ. ಅವತ್ತು ಸಂಜೆ ಅಲ್ಲಿನ ಕೆಲಸದವನಿಂದ ಕೆಳಗಿನ ಪೈಪಿನ ಕಥೆಯನ್ನೆಲ್ಲ ಕೇಳಿಯೇ ಅಪ್ಪ ರೂಮಿಗೆ ಬಂದ.

ಆಯ್ಕೆಯ ದಿನ ಮೊದಲು ಒಂಟಿ ಕಾಲಿನ ವೃತ್ತಗಳು. ಬಲಗಾಲಿನದು ಸಲೀಸು. ಎಡಗಾಲಿನ ಹೊರ ಅಂಚಿಗೆ ಬಂದಾಗ ಉಸಿರು ಬಿಗಿಹಿಡಿದು ಪೂರ್ತಿ ಒರಗಿದೆ. ಹೊಸ ಬಟ್ಟೆ ಹರಿದಂಥ ಸದ್ದು ಬಂತು. ತಿರುಗಿ ನೋಡಿದೆ, ಒಂದೇ ಗೆರೆ, ಎಲ್ಲೂ ಸೀಳಿರಲಿಲ್ಲ. ಆಮೇಲೆ ರೇಸು, ಎಡಕ್ಕೆ. ಮೊದಲ ತಿರುವಿನಲ್ಲಿ ನಾನು ಮುಂದಿನ ಹುಡುಗಿಯ ಬೆನ್ನಿಗೇ ಇದ್ದೆ. ತಿರುವು ತಿರುವಿಗೂ ಆ ಬೆನ್ನು ದೂರವಾಗುತ್ತಾ ಹೋಯಿತು. ಎಡಗಾಲು ಮೈ ಕೆಳಗೆ ತಳ್ಳುತ್ತಿತ್ತು, ಆದರೆ ಸೋತಿತ್ತು. ಸ್ತೋತ್ರ ಮುಗಿಯುವಷ್ಟು ಹೊತ್ತು ಓಡಿ ಗೊತ್ತು ಅದಕ್ಕೆ, ಅದರಾಚೆ ಗೊತ್ತಿಲ್ಲ. ಕೊನೆಯವಳಾಗಲಿಲ್ಲ ಎನ್ನುವುದು ಬಿಟ್ಟರೆ ಹೇಳಿಕೊಳ್ಳುವುದು ಏನೂ ಇರಲಿಲ್ಲ.

ಮೇಡಂ ಒಬ್ಬೊಬ್ಬರನ್ನೇ ಕರೆದು ಹೇಳಿದರು. ನಿನ್ನ ಅಂಚು ಚೊಕ್ಕ, ಎಲ್ಲಿ ಕಲಿತೆ ಎಂದು ಕೇಳಬೇಕೆನಿಸುತ್ತದೆ, ಆದರೆ ಜೋರು ಸಾಲದು, ಅದಕ್ಕೆ ಕಾಲ ಬೇಕು, ಈ ಸಲ ತೆಗೆದುಕೊಳ್ಳಲಾರೆ ಎಂದರು. ನಾನು ತಲೆ ಆಡಿಸಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೂ 'ನಹೀಂ' ತಿಳಿಯದಷ್ಟಲ್ಲ. ನನಗೆ ಅವನ ಮುಖ ನೋಡಲಾಗಲಿಲ್ಲ. ಮಾತು ಮಾತೇ, ಒಂದೇ ಸಲ ಎಂದು ನಾನೇ ಒಪ್ಪಿದ್ದೆ. ಬೆಂಚಿನ ಮೇಲೆ ಕೂತು ಲೇಸು ಬಿಚ್ಚತೊಡಗಿದೆ. ಕಣ್ಣೀರು ಬೂಟಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಕ್ಕೂ ಸಿಟ್ಟು.

ಅಪ್ಪ ನನ್ನನ್ನು ದಾಟಿ ಮೇಡಂ ಹತ್ತಿರ ಹೋದದ್ದು ಕಾಲುಗಳಿಂದ ಗೊತ್ತಾಯಿತು. ಗಂಟಲು ಸರಿ ಮಾಡಿಕೊಂಡ.

"ಮೇಡಂಜೀ, ಫಿರ್ ಕಬ್ ಆನಾ?"

ಮೇಡಂ ಏನೋ ಹೇಳಿದರು. ಅಪ್ಪ ಮತ್ತೆ ಕೇಳಿ ಖಚಿತ ಮಾಡಿಕೊಂಡ. ಆಮೇಲೆ ಬಂದು ನನ್ನ ಎದುರಿಗೆ ನಿಂತ.

"ಮುಂದಿನ ಚಳಿಗಾಲಕ್ಕಂತ. ಲೇಸು ಯಾಕ ಬಿಚ್ಚಾಕತ್ತಿ? ಇನ್ನೂ ಐಸ್ ಖಾಲಿ ಐತಿ, ಇಲ್ಲಿ ನಡುವ ಯಾವ ದೇವರೂ ಇಲ್ಲ. ಎದ್ದು ಎಡಕ್ಕ ತಿರುಗು ಹೋಗು."